ನ್ಯೂ ವೇವ್ ಸಂಗೀತ: ನಲವತ್ತು ವರ್ಷ ಕಳೆದರೂ ಹಳತಾಗದ ಹಾಡು ಯಾವುದು?

ತಾಳಜ್ಞ

1978ರಿಂದ 1985ರ ನಡುವೆ ಬಂದ ನ್ಯೂ ವೇವ್ ಹಾಡುಗಳನ್ನು, ಅಂದರೆ ಪಂಕ್ ರಾಕ್ ಬೆನ್ನಿಗೆ ಹುಟ್ಟಿದ ಪಾಶ್ಚಾತ್ಯ ಪಾಪ್ ಹಾಡುಗಳನ್ನು, ಈಚೆಗೆ ಮತ್ತೆ ಹಿಡಿದು ಕೇಳುತ್ತಿದ್ದೇನೆ. ಒಂದು ಕಾಲಕ್ಕೆ ಬಾಯಿಪಾಠವಾಗಿದ್ದ ಎಷ್ಟೋ ಹಾಡುಗಳನ್ನು ಈಗ ಕೊನೆಯವರೆಗೆ ಕೇಳುವುದೇ ಕಷ್ಟವಾಗಿದೆ. ತಂಡದವರ ಕೇಶಾಲಂಕಾರ ನೆನಪಿಗೆ ಬರುತ್ತದೆಯೇ ಹೊರತು ರಾಗ ನೆನಪಿಗೆ ಬರುವುದಿಲ್ಲ. ಇನ್ನು ಕೆಲವು ಹಾಡುಗಳೋ, ನಿನ್ನೆ ಮೊನ್ನೆ ಮುದ್ರಿಸಿದಷ್ಟು ಹೊಸದಾಗಿವೆ. ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಇಷ್ಟೇ: ಯಂತ್ರವೂ ಮನುಷ್ಯನೂ ಒಂದೇ ಹಾಡಿನೊಳಗೆ ಜಗ್ಗಾಡಿದಲ್ಲಿ ಹಾಡು ಉಳಿದಿದೆ, ಯಂತ್ರ ಬರೀ ಅಲಂಕಾರಕ್ಕೆ ಬಂದಲ್ಲಿ ಹಾಡು ಮುದಿಯಾಗಿದೆ.

ಬ್ಲಾಂಡಿ ತಂಡದ 'ಹಾರ್ಟ್ ಆಫ್ ಗ್ಲಾಸ್' ಹಾಡನ್ನೇ ತೆಗೆದುಕೊಳ್ಳಿ. 1978ರ ಆಲ್ಬಮ್ಮಿನಲ್ಲಿ ಬಂದು, ಮರುವರ್ಷ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ ಹಾಡದು. ಆರಂಭದಲ್ಲಿ ಟಿಕ್ಕು ಟಿಕ್ಕೆಂದು ಕೇಳಿಬರುವುದು ರೋಲ್ಯಾಂಡ್ ಸಿಆರ್-78 ಎಂಬ, ತಾಳವನ್ನು ತಾನೇ ಬಾರಿಸುವ ಡ್ರಮ್ ಮಷೀನು. ಅದರ ಮೇಲೆ, 2025ರ ಏಪ್ರಿಲ್‌ನಲ್ಲಿ ತೀರಿಕೊಂಡ ಕ್ಲೆಮ್ ಬರ್ಕ್ ಅವರು ನಿಜವಾದ ಡ್ರಮ್ ಬಾರಿಸಿದ್ದಾರೆ. ಯಂತ್ರ ಕೂದಲೆಳೆಯಷ್ಟೂ ಆಚೀಚೆ ಸರಿಯುವುದಿಲ್ಲ, ಬರ್ಕ್ ಅವರ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ಕಂಚಿನ ತಟ್ಟೆ) ಮಾತ್ರ ಉಸಿರಾಡುತ್ತಲೇ ಇರುತ್ತದೆ. ಡೆಬಿ ಹ್ಯಾರಿ ಇವೆರಡರ ಜಗಳ ತಮಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಮೇಲೆ ತೇಲುತ್ತಾ ಹಾಡುತ್ತಾರೆ.

ನಿಮ್ಮ ಆಯ್ಕೆಯನ್ನು ಬರೆಯಿರಿ. ಬರೀ ಹೆಸರು ಬರೆದು ಹೊರಟುಹೋಗಬೇಡಿ. ಹಾಡಿನ ಯಾವ ಜಾಗ ನಿಮ್ಮನ್ನು ಹಿಡಿದಿದೆ ಎಂಬುದನ್ನೂ ತಿಳಿಸಿ.

ಬೇಸ್ ತಂತಿ

ನ್ಯೂ ಆರ್ಡರ್ ತಂಡದ 'ಬ್ಲೂ ಮಂಡೇ' ಇರುವಾಗ ಈ ಪ್ರಶ್ನೆಯನ್ನು ಕೇಳುವ ಅಗತ್ಯವೇ ಇರಲಿಲ್ಲ.

ಮೃದಂಗದ ಮೊಮ್ಮಗ

ತಾಳಜ್ಞರು ತಮ್ಮ ಹೆಸರಿಗೆ ತಕ್ಕಂತೆ ತಾಳದ ವಿಷಯವನ್ನು ಎತ್ತಿ, ಮುಖ್ಯವಾದದ್ದನ್ನೇ ಬಿಟ್ಟುಬಿಟ್ಟಿದ್ದಾರೆ. 'ಹಾರ್ಟ್ ಆಫ್ ಗ್ಲಾಸ್' ನಾಲ್ಕರ ಎಣಿಕೆಯಲ್ಲಿ ಸರಾಗವಾಗಿ ಸಾಗುತ್ತಿರುತ್ತದೆ. ನಡುವಿನ ವಾದ್ಯಭಾಗ ಬಂದಾಗ ಎರಡು ನಾಲ್ಕು ಸೇರಿದ ಎಂಟರಲ್ಲಿ ಒಂದು ಪೆಟ್ಟು ಕಳಚಿಕೊಂಡು ಎಣಿಕೆ ಏಳಕ್ಕೆ ತಿರುಗುತ್ತದೆ. ಕುಣಿಯುತ್ತಿದ್ದವರ ಕಾಲು ಅಲ್ಲಿ ತಪ್ಪಲೇಬೇಕು. ಡಿಸ್ಕೊ ಮಂದಿಗೆ ಕೊಟ್ಟ ಹಾಡಿನಲ್ಲಿ ಸದ್ದಿಲ್ಲದೆ ಏಳೆಣಿಕೆಯ ಮಿಶ್ರ ಛಾಪು ತಾಳ ಇಟ್ಟ ತುಂಟತನ ಅದು. ನನಗೆ ಆ ಹಾಡಿನಲ್ಲಿ ಇಷ್ಟವಾಗುವ ಜಾಗ ಅದೊಂದೇ.

ವಿಲೋಮ

ಮೊಮ್ಮಗನವರೇ, ಮಿಶ್ರ ಛಾಪು ಮೂರು ಮತ್ತು ನಾಲ್ಕು ಎಂದು ಒಡೆಯುತ್ತದೆ. ಬ್ಲಾಂಡಿಯವರದು ನಾಲ್ಕು ಮೊದಲು, ಮೂರು ಆಮೇಲೆ. ನಿಮ್ಮ ತಾತನವರು ಇದನ್ನು ಕೇಳಿದ್ದರೆ ತೊಡೆಯ ಮೇಲೆ ಕೈ ಇಡುವ ಮೊದಲೇ ನಿಲ್ಲಿಸಿಬಿಡುತ್ತಿದ್ದರು.

ಮೃದಂಗದ ಮೊಮ್ಮಗ

ಹಾಗಾದರೆ ಅದು ವಿಲೋಮ ಛಾಪು ಎನ್ನೋಣ, ನಿಮ್ಮ ಹೆಸರಿನಲ್ಲೇ ಇದೆಯಲ್ಲ. ಏಳು ಏಳೇ ಆಗಿ ಉಳಿಯುತ್ತದೆ.

ಬೇಸ್ ತಂತಿ

ಒಂದು ಸಾಲು ಬರೆದು ಸುಮ್ಮನಾಗೋಣವೆಂದಿದ್ದೆ, ಆದರೆ ತಾಳಜ್ಞರ ವಾದಕ್ಕೆ 'ಬ್ಲೂ ಮಂಡೇ' ಹಾಡಿನಷ್ಟು ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲವಾದ್ದರಿಂದ ವಿವರವಾಗಿಯೇ ಬರೆಯುತ್ತೇನೆ. 1983ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಈ ಹಾಡನ್ನು ಹನ್ನೆರಡು ಇಂಚಿನ ಗ್ರಾಮಫೋನ್ ತಟ್ಟೆಯಾಗಿ ಹೊರತಂದಿತು. ಏಳೂವರೆ ನಿಮಿಷದ ಹಾಡು. ಮಾತು ಶುರುವಾಗುವ ಹೊತ್ತಿಗೆ ಎರಡು ನಿಮಿಷ ದಾಟಿರುತ್ತದೆ. ಆರಂಭದ ಕಿಕ್ ಡ್ರಮ್ ಓಬರ್‌ಹೈಮ್ ಡಿಎಂಎಕ್ಸ್ ಯಂತ್ರದ್ದು. ಸ್ವರಗಳನ್ನು ಓಡಿಸಿದ್ದು, ತಂಡದ ಹಾಡುಗಾರ ಬರ್ನಾರ್ಡ್ ಸಮ್ನರ್ ಬಿಡಿಭಾಗಗಳನ್ನು ತರಿಸಿ ತಾವೇ ಬೆಸುಗೆ ಹಾಕಿ ಕಟ್ಟಿದ ಸೀಕ್ವೆನ್ಸರ್, ಅಂದರೆ ಮೊದಲೇ ತುಂಬಿಸಿಟ್ಟ ಸ್ವರಗಳನ್ನು ಸಾಲಾಗಿ ನುಡಿಸುವ ಯಂತ್ರ.

ಆ ಸೀಕ್ವೆನ್ಸರಿಗೆ ಸ್ವರಗಳನ್ನು ಒಂದೊಂದಾಗಿ ಉಣಿಸಬೇಕಿತ್ತು. ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಗಿಲಿಯನ್ ಗಿಲ್ಬರ್ಟ್ ಅವುಗಳನ್ನು ಎ4 ಹಾಳೆಗಳ ಮೇಲೆ ಬರೆದು, ಹಾಳೆಗಳನ್ನು ಟೇಪಿನಿಂದ ಅಂಟಿಸಿ, ಸ್ಟುಡಿಯೋದ ಉದ್ದಕ್ಕೂ ಹಾಸಿಕೊಂಡಿದ್ದರಂತೆ. ಬರೆಯುವಾಗ ಒಂದು ಸ್ವರ ಬಿಟ್ಟುಹೋಯಿತು. ಅದರಿಂದಾಗಿ ಮೇಲಿನ ರಾಗ ಕೆಳಗಿನ ತಾಳದಿಂದ ಸ್ವಲ್ಪ ಜಾರಿಕೊಂಡು ಓಡುತ್ತದೆ. ತಂಡದವರು ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಇಂದಿನವರು ಆ ಜಾರಿಕೆಯನ್ನು ಉಳಿಯಗೊಡುವುದಿಲ್ಲ, ಕಂಡ ಕೂಡಲೇ ತಂತ್ರಾಂಶದಲ್ಲಿ ಗೆರೆಗೆ ತಂದು ಕೂರಿಸಿಬಿಡುತ್ತಾರೆ. ಇಷ್ಟೆಲ್ಲ ಯಂತ್ರಗಳ ಮೇಲೆ ಪೀಟರ್ ಹುಕ್ ಅವರ ಬೇಸ್ ಗಿಟಾರ್ ಮೇಲಿನ ಸ್ಥಾಯಿಯಲ್ಲಿ ಬಂದಾಗ, ಕಾರ್ಖಾನೆಯೊಳಗೆ ಯಾರೋ ಮಾತನಾಡಿಸಿದಂತಾಗುತ್ತದೆ.

ಕ್ಯಾಸೆಟ್ ಕಾಲದವನು

ಆ ಏಳೂವರೆ ನಿಮಿಷದ ಹಿಂಸೆಯನ್ನು ನಾನು ಬಲ್ಲೆ. ಬೆಂಗಳೂರಿನಲ್ಲಿ ಆಗ ಎಲ್‌ಪಿಯಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಗಳಿದ್ದವು. ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಜೊತೆಗೆ ಕೊಟ್ಟುಬಂದರೆ ಒಂದು ವಾರದ ಮೇಲೆ ತುಂಬಿಸಿ ಇಟ್ಟಿರುತ್ತಿದ್ದರು. ನನಗೆ ತುಂಬಿಸಿಕೊಟ್ಟವರು 'ಬ್ಲೂ ಮಂಡೇ' ಹಾಡನ್ನು ಎ ಬದಿಯ ಕೊನೆಗೆ ಹಾಕಿದ್ದರು. ಬೇಸ್ ಗಿಟಾರ್ ಬರುವಷ್ಟರಲ್ಲಿ ಟೇಪು ಮುಗಿದು ಟಕ್ಕೆಂದು ನಿಲ್ಲುತ್ತಿತ್ತು. ಹಾಡು ಇರುವುದೇ ಅಷ್ಟೆಂದು ಬಹಳ ಕಾಲ ನಂಬಿದ್ದೆ. ತಂತಿಯವರು ಹೇಳುವ 'ಮಾತನಾಡಿಸುವ' ಜಾಗ ನನ್ನ ಪಾಲಿಗೆ ಸಿಕ್ಕಿದ್ದು ಸಿಡಿ ಬಂದ ಮೇಲೆಯೇ.

ಶಾರ್ಟ್‌ವೇವ್ ಶ್ರೋತೃ

ನಿಮಗೆ ಕ್ಯಾಸೆಟ್ಟಾದರೂ ಇತ್ತು. ಧಾರವಾಡದಲ್ಲಿ ನಮಗೆ ಇದ್ದದ್ದು ಬಿಬಿಸಿ ವರ್ಲ್ಡ್ ಸರ್ವಿಸ್ ಒಂದೇ. ಜಾನ್ ಪೀಲ್ ಅವರ ಕಾರ್ಯಕ್ರಮ ಅದರಲ್ಲಿ ಬರುತ್ತಿತ್ತು. ಮೆಲುದನಿಯಲ್ಲಿ, ಮುಂದಿನ ಹಾಡು ನಿಮಗೆ ಇಷ್ಟವಾಗದಿದ್ದರೂ ಪರವಾಗಿಲ್ಲ ಎಂಬ ಧಾಟಿಯಲ್ಲಿ ಮಾತನಾಡುವ ಮನುಷ್ಯ. ಶಾರ್ಟ್‌ವೇವ್‌ನಲ್ಲಿ ಕೆಳಗಿನ ಸ್ವರಗಳು ಬರುವುದೇ ಇಲ್ಲ, ಹೈ-ಹ್ಯಾಟ್ ಕರಕರದಲ್ಲಿ ಕರಗಿಹೋಗುತ್ತದೆ, ಉಳಿಯುವುದು ಗಂಟಲು ಮತ್ತು ಗಿಟಾರಿನ ಮೇಲಿನ ಮೂರು ತಂತಿ. ಹೀಗಾಗಿ ತಾಳಜ್ಞರ 'ಯಂತ್ರ ಮತ್ತು ಮನುಷ್ಯ' ವಾದದಲ್ಲಿ ನಮ್ಮ ಪಾಲಿಗೆ ಯಂತ್ರವೇ ಬಂದಿರಲಿಲ್ಲ. ನಾವು ನ್ಯೂ ವೇವ್ ಸಂಗೀತವನ್ನು ಮೆಚ್ಚಿಕೊಂಡದ್ದು ಹಾಡುಗಾರಿಕೆಗಾಗಿ ಮತ್ತು ಸಾಹಿತ್ಯಕ್ಕಾಗಿ. ಟಾಕಿಂಗ್ ಹೆಡ್ಸ್ ತಂಡದ ಟೀನಾ ವೇಮೌತ್ ಎಂಥ ಬೇಸ್ ನುಡಿಸುತ್ತಾರೆಂದು ನನಗೆ ಗೊತ್ತಾದದ್ದು ಹಾಡು ಬಾಯಿಗೆ ಬಂದು ವರ್ಷಗಳಾದ ಮೇಲೆ, ಸ್ನೇಹಿತರೊಬ್ಬರ ಮನೆಯ ಸ್ಟೀರಿಯೋದಲ್ಲಿ. ಬೇರೊಂದು ಹಾಡನ್ನೇ ಕೇಳುತ್ತಿದ್ದೇನೆ ಎನಿಸಿತು.

ತಾಳಜ್ಞ

ಶ್ರೋತೃಗಳೇ, ಯಂತ್ರ ಕೇಳಿಸದಿದ್ದರೂ ಹಾಡುಗಾರರು ಯಂತ್ರಕ್ಕೆ ಎದುರಾಗಿಯೇ ಹಾಡಿದ್ದರು, ಆ ಬಿಗಿ ನಿಮ್ಮ ರೇಡಿಯೋಗೂ ತಲುಪಿತ್ತು ಎಂಬುದು ನನ್ನ ಉತ್ತರ.

ಶಾರ್ಟ್‌ವೇವ್ ಶ್ರೋತೃ

ಇದಕ್ಕೆ ನಮ್ಮ ಕಡೆ 'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎನ್ನುತ್ತಾರೆ ಸರ.

ಕೊಪ್ಲಾಂಡ್ ಭಕ್ತ

ಯಂತ್ರವೇ ಇಲ್ಲದೆ ನ್ಯೂ ವೇವ್ ಮಾಡಿದವರನ್ನು ಎಲ್ಲರೂ ಮರೆತಂತಿದೆ. ದ ಪೊಲೀಸ್ ತಂಡದಲ್ಲಿ ಇದ್ದದ್ದು ಮೂರೇ ಜನ. ಸ್ಟೂವರ್ಟ್ ಕೊಪ್ಲಾಂಡ್ ಅವರ ಹೈ-ಹ್ಯಾಟ್ ಕೇಳಿದ ಮೇಲೂ ಡ್ರಮ್ ಮಷೀನು ಬೇಕು ಎನ್ನುವವರೊಂದಿಗೆ ನನಗೆ ಜಗಳವಿದೆ. ಜಮೈಕಾದ ರೆಗ್ಗೇ ಸಂಗೀತದಲ್ಲಿ ಮೊದಲ ಪೆಟ್ಟನ್ನು ಖಾಲಿ ಬಿಡುವ ಪದ್ಧತಿಯನ್ನು ಎತ್ತಿಕೊಂಡು, ಅದನ್ನು ಪಂಕ್ ವೇಗಕ್ಕೆ ಕೂರಿಸಿದವರು ಅವರು. ಆಂಡಿ ಸಮ್ಮರ್ಸ್ ಗಿಟಾರಿನಲ್ಲಿ ಜಾಗ ತುಂಬಿಸುವುದಿಲ್ಲ, ಜಾಗ ಬಿಡುತ್ತಾರೆ. 1978ರ 'ರಾಕ್ಸಾನ್' ಹಾಡಿನ ಮೊದಲಲ್ಲಿ ಪಿಯಾನೋದ ಅಪಸ್ವರವೊಂದು ಕೇಳಿಸಿ, ಹಿಂದೆಯೇ ತಂಡದ ಹಾಡುಗಾರ ಸ್ಟಿಂಗ್ ನಕ್ಕದ್ದು ಕೇಳುತ್ತದೆ. ಮುಚ್ಚಿದೆಯೆಂದು ತಿಳಿದು ಪಿಯಾನೋದ ಮೇಲೆ ಕುಳಿತದ್ದರ ಫಲ ಅದು, ತೆಗೆದುಹಾಕದೆ ತಟ್ಟೆಯಲ್ಲಿ ಬಿಟ್ಟಿದ್ದಾರೆ.

ನಮ್ಮ ದೇಶಕ್ಕೆ ಆ ಕಾಲದಲ್ಲಿಯೇ ಬಂದು ಹಾಡಿದ ತಂಡವೂ ಇದೇ. 1980ರ ಮಾರ್ಚ್‌ನಲ್ಲಿ ಮುಂಬಯಿಯ ರಂಗಭವನದ ಬಯಲು ವೇದಿಕೆಯಲ್ಲಿ ಅವರ ಕಾರ್ಯಕ್ರಮವಾಯಿತು. ಏರ್ಪಡಿಸಿದ್ದು ಟೈಮ್ ಅಂಡ್ ಟ್ಯಾಲೆಂಟ್ಸ್ ಎಂಬ ಮಹಿಳೆಯರ ಸೇವಾಸಂಸ್ಥೆ. ಮುಂಬಯಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ನಮ್ಮ ಚಿಕ್ಕಪ್ಪ ಯಾರೋ ಕೊಟ್ಟ ಟಿಕೆಟ್ಟಿನಲ್ಲಿ ಹೋಗಿದ್ದರು. ಮೂವರು ಸೇರಿ ಇಷ್ಟು ಸದ್ದು ಮಾಡಲು ಸಾಧ್ಯವೇ ಎಂಬುದೊಂದೇ ಅವರ ವಿಮರ್ಶೆ. ತಂಡದ ಹೆಸರನ್ನು ಕೂಡ ಅವರು 'ಪೊಲೀಸ್ ಬ್ಯಾಂಡ್' ಎಂದೇ ಹೇಳುತ್ತಿದ್ದರು, ಕೇಳಿದವರು ಗಣರಾಜ್ಯೋತ್ಸವದ ಪರೇಡು ಎಂದುಕೊಳ್ಳುತ್ತಿದ್ದರು.

ಸಿಂಥ್ ಶಾಸ್ತ್ರಿ

ಪೊಲೀಸ್ ತಂಡದವರು ಪಕ್ಕಾ ಕಸುಬುದಾರ ವಾದ್ಯಗಾರರು. ಕೊಪ್ಲಾಂಡ್ ಅದಕ್ಕೆ ಮೊದಲು ಕರ್ವ್ಡ್ ಏರ್ ಎಂಬ ಪ್ರೊಗ್ರೆಸಿವ್ ರಾಕ್ ತಂಡದಲ್ಲಿದ್ದವರು, ಸಮ್ಮರ್ಸ್ ಅರವತ್ತರ ದಶಕದಿಂದಲೂ ನುಡಿಸುತ್ತಿದ್ದವರು. ಕೂದಲಿಗೆ ಬಣ್ಣ ಹಚ್ಚಿಕೊಂಡ ಮಾತ್ರಕ್ಕೆ ನ್ಯೂ ವೇವ್ ಆಗುವುದಿಲ್ಲ. ನಿಜವಾದ ನ್ಯೂ ವೇವ್ ಎಂದರೆ ವಾದ್ಯ ಕಲಿಯದವನೂ ಹಾಡು ಕಟ್ಟಬಹುದೆಂಬ ಧೈರ್ಯ. ಬ್ರಿಟನ್ನಿನ ಹಾಡುಗಾರ ಗ್ಯಾರಿ ನ್ಯೂಮನ್ ಗಿಟಾರ್ ಹಿಡಿದು ಪಂಕ್ ಆಲ್ಬಮ್ ಮಾಡಲು ಸ್ಟುಡಿಯೋಗೆ ಹೋದರು. ಹಿಂದಿನವರು ಬಿಟ್ಟುಹೋಗಿದ್ದ ಮಿನಿಮೂಗ್ ಎಂಬ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ಸದ್ದು ಹುಟ್ಟಿಸುವ ಕೀಬೋರ್ಡ್, ಅಲ್ಲಿತ್ತು. ಒಂದು ಕೀ ಒತ್ತಿದರು, ಕೋಣೆ ನಡುಗಿತು, ಅಲ್ಲಿಗೆ ದಾರಿಯೇ ಬದಲಾಯಿತು. 1979ರಲ್ಲಿ 'ಆರ್ ಫ್ರೆಂಡ್ಸ್ ಎಲೆಕ್ಟ್ರಿಕ್?' ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಅದೇ ವರ್ಷ ಬಂದ ಮುಂದಿನ ಆಲ್ಬಮ್ಮಿನಲ್ಲಿ ಗಿಟಾರೇ ಇಲ್ಲ.

ಕೊಪ್ಲಾಂಡ್ ಭಕ್ತ

ಶಾಸ್ತ್ರಿಗಳೇ, ಚೆನ್ನಾಗಿ ನುಡಿಸುವುದು ಯಾವಾಗಿನಿಂದ ಅನರ್ಹತೆಯಾಯಿತು?

ಸ್ಟುಡಿಯೋ ಪಿಟೀಲು

ವಾದ್ಯ ಕಲಿಯದವರ ಧೈರ್ಯವನ್ನು ಮೆಚ್ಚುವಾಗ, ವಾದ್ಯ ಕಲಿತವರ ಗತಿ ಏನಾಯಿತೆಂಬುದನ್ನೂ ಸ್ವಲ್ಪ ನೋಡೋಣ. 1982ರಲ್ಲಿ ಬ್ರಿಟನ್ನಿನ ವಾದ್ಯಗಾರರ ಸಂಘದ ಮಧ್ಯ ಲಂಡನ್ ಶಾಖೆ, ಸಿಂಥಸೈಜರ್ ಮತ್ತು ಡ್ರಮ್ ಮಷೀನುಗಳನ್ನು ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಈಗಿನ ಹುಡುಗರಿಗೆ ಅದು ನಗೆಯ ವಿಷಯ. ನನಗೆ ನಗು ಬರುವುದಿಲ್ಲ. ಕನ್ನಡ ಸಿನಿಮಾ ಹಾಡುಗಳು ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ಕಾಲದಲ್ಲಿ ಪಿಟೀಲಿನವರದೇ ಒಂದು ದೊಡ್ಡ ಸಾಲು ಇರುತ್ತಿತ್ತು. ನಮ್ಮ ಸೋದರಮಾವ ಆ ಸಾಲಿನಲ್ಲಿ ಹಿಂದಿನವರು. ಕೀಬೋರ್ಡಿನಲ್ಲಿ 'ಸ್ಟ್ರಿಂಗ್ಸ್' ಎಂಬ ಗುಂಡಿ ಬಂದ ಮೇಲೆ ಮೊದಲು ಕರೆ ನಿಂತದ್ದು ಹಿಂದಿನ ಸಾಲಿನವರಿಗೆ. ಅವರು ಕೊನೆಗೆ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಿದರು. ನ್ಯೂ ವೇವ್ ಹಾಡುಗಳು ನನಗೂ ಇಷ್ಟ, ಆದರೆ ಆ ಗುಂಡಿಯ ಸದ್ದು ಕೇಳಿದಾಗ ಮಾವನ ಮುಖ ಕಣ್ಣ ಮುಂದೆ ಬಂದೇ ಬರುತ್ತದೆ.

ಸಿಂಥ್ ಶಾಸ್ತ್ರಿ

ತಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪಿಟೀಲಿನಂತೆ ಕೇಳಿಸಲು ಹೊರಟ ಯಂತ್ರ ಬೇರೆ, ಯಾವುದರಂತೆಯೂ ಕೇಳಿಸದ ಯಂತ್ರ ಬೇರೆ. ನ್ಯೂಮನ್ ಅವರ ಪಾಲಿಮೂಗ್ ಸಿಂಥಸೈಜರ್ ಯಾವ ವಾದ್ಯಗಾರನ ಕುರ್ಚಿಯಲ್ಲೂ ಕುಳಿತುಕೊಳ್ಳಲಿಲ್ಲ. 1983ರಲ್ಲಿ ಯಮಾಹಾ ಡಿಎಕ್ಸ್7 ಎಂಬ ಕೀಬೋರ್ಡ್ ಬಂದು, ಒಂದೇ ಪೆಟ್ಟಿಗೆಯಲ್ಲಿ ಪಿಯಾನೋ, ಗಂಟೆ, ಕೊಳಲು ಎಲ್ಲವನ್ನೂ ಅಗ್ಗಕ್ಕೆ ಕೊಟ್ಟ ಮೇಲೆ ಅನುಕರಣೆಯ ಕಾಲ ಶುರುವಾಯಿತು. ನ್ಯೂ ವೇವ್ ಬಡವಾದದ್ದೂ ಅಲ್ಲಿಂದಲೇ ಎನ್ನುವವನು ನಾನು. ಅಂದರೆ ನಿಮ್ಮ ಮಾವನವರಿಗೂ ನನ್ನ ಇಷ್ಟದ ಹಾಡುಗಳಿಗೂ ಕುತ್ತು ತಂದದ್ದು ಒಂದೇ ಪೆಟ್ಟಿಗೆ.

ಗಣೇಶೋತ್ಸವ ಆರ್ಕೆಸ್ಟ್ರಾ

ನಮ್ಮ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ಬಾರಿಸುವವರನ್ನು ನೋಡಿದರೆ ತಾಳಜ್ಞರ ಮಾತು ಅರ್ಥವಾಗುತ್ತದೆ. ರೋಲ್ಯಾಂಡ್‌ನವರ ಆಕ್ಟೋಪ್ಯಾಡ್ 1985ರಲ್ಲಿ ಬಂತು. ಯಂತ್ರದ ಸದ್ದನ್ನು ಕೋಲು ಹಿಡಿದು ಬಾರಿಸುವ ವಾದ್ಯ ಅದು. ಹೊರದೇಶಗಳಲ್ಲಿ ಹಲವರು ಅದನ್ನು ಬದಿಗಿಟ್ಟರೂ ಇಲ್ಲಿ ಗಣೇಶನ ಪೆಂಡಾಲಿನಿಂದ ಪೆಂಡಾಲಿಗೆ ಇಂದಿಗೂ ತಿರುಗುತ್ತಿದೆ. ಒಂದು ಪ್ಯಾಡಿನಲ್ಲಿ ಡೋಲಕ್, ಪಕ್ಕದ್ದರಲ್ಲಿ ಎಂಬತ್ತರ ದಶಕದ ಎಲೆಕ್ಟ್ರಾನಿಕ್ ಸ್ನೇರ್ ಡ್ರಮ್. ಬಾರಿಸುವವನ ಮಣಿಕಟ್ಟು ಮಾತ್ರ ಅಪ್ಪಟ ತಮಟೆಯದು.

ಲೀಡ್ಸ್ ಕನ್ನಡಿಗ

ನಾನು ನಾಲ್ಕು ದಶಕಗಳಿಂದ ಇಂಗ್ಲೆಂಡಿನಲ್ಲಿರುವವನಾದ್ದರಿಂದ ಯಂತ್ರದ ಚರ್ಚೆಯನ್ನು ಬಿಟ್ಟು ಬೇರೊಂದು ಮಾತನ್ನು ಹೇಳಬಯಸುತ್ತೇನೆ. ನೀವು ಕೇಳುತ್ತಿರುವ ಈ ಹಾಡುಗಳ ಹಿಂದೆ ಬೀಗ ಬೀಳುತ್ತಿದ್ದ ಕಾರ್ಖಾನೆಗಳ ಊರುಗಳಿದ್ದವು: ಶೆಫೀಲ್ಡ್, ಕಾವೆಂಟ್ರಿ, ಮ್ಯಾಂಚೆಸ್ಟರ್. ದ ಸ್ಪೆಷಲ್ಸ್ ತಂಡದ 'ಘೋಸ್ಟ್ ಟೌನ್' 1981ರ ಜುಲೈನಲ್ಲಿ ಮೊದಲ ಸ್ಥಾನದಲ್ಲಿದ್ದಾಗ ಲಿವರ್‌ಪೂಲಿನ ಟಾಕ್ಸ್‌ಟೆತ್ ಸೇರಿದಂತೆ ಹಲವು ನಗರಗಳಲ್ಲಿ ಗಲಭೆ ನಡೆಯುತ್ತಿತ್ತು. ಊರಿನ ಕ್ಲಬ್ಬುಗಳು ಮುಚ್ಚಿಹೋದವು, ಹುಡುಗರು ತಮ್ಮ ತಮ್ಮಲ್ಲೇ ಹೊಡೆದಾಡುತ್ತಿದ್ದಾರೆ ಎಂಬುದಿಷ್ಟೇ ಹಾಡಿನ ವಸ್ತು. ಸುದ್ದಿ ಓದುವವರು ಹೇಳಬೇಕಾದದ್ದನ್ನು ಹಾಡು ಮೊದಲೇ ಹೇಳಿಬಿಟ್ಟಿತ್ತು. ಬಿಳಿಯರೂ ಕರಿಯರೂ ಒಟ್ಟಿಗೆ ನುಡಿಸಿದ ತಂಡ ಅದು, ಮತ್ತು ಆ ದಿನಗಳಲ್ಲಿ ಅದು ಸಣ್ಣ ವಿಷಯವಾಗಿರಲಿಲ್ಲ.

ಇಲ್ಲಿಯವರಿಗೆ ಆಸಕ್ತಿ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಆ ಹಾಡನ್ನು ಬರೆದ, ತಂಡವನ್ನು ಕಟ್ಟಿದ ಜೆರಿ ಡ್ಯಾಮರ್ಸ್ ಹುಟ್ಟಿದ್ದು 1955ರಲ್ಲಿ, ಊಟಿಯಲ್ಲಿ.

ಮೃದಂಗದ ಮೊಮ್ಮಗ

ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಹೋಗಬಹುದಾದ ಊಟಿಯೇ?

ಲೀಡ್ಸ್ ಕನ್ನಡಿಗ

ಹೌದು, ಅದೇ ಊಟಿ.

ವಿಲೋಮ

ಸ್ಪೆಷಲ್ಸ್ ತಂಡದ್ದು ಜಮೈಕಾ ಮೂಲದ ಸ್ಕಾ ಸಂಗೀತ. ಅದನ್ನೂ ನ್ಯೂ ವೇವ್ ಎಂದರೆ ಈ ಪಟ್ಟಿಗೆ ಎಲ್ಲೆಯೇ ಇರುವುದಿಲ್ಲ.

ಲೀಡ್ಸ್ ಕನ್ನಡಿಗ

ಅಂದು ನಾವು ಅಂಗಡಿಯಲ್ಲಿ ಒಂದೇ ಗೂಡಿನಿಂದ ಎತ್ತಿಕೊಂಡು ಬರುತ್ತಿದ್ದ ತಟ್ಟೆಗಳನ್ನು ಇಂದು ಬೇರೆ ಬೇರೆ ಕಪಾಟಿನಲ್ಲಿ ಜೋಡಿಸುವ ಕೆಲಸವನ್ನು ನಿಮಗೇ ಬಿಟ್ಟಿದ್ದೇನೆ.

ಶೆಫೀಲ್ಡ್ ಚಾಕು

ಶೆಫೀಲ್ಡಿನ ಹೆಸರು ಬಂದ ಮೇಲೆ ಹ್ಯೂಮನ್ ಲೀಗ್ ತಂಡವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1980ರಲ್ಲಿ ತಂಡ ಒಡೆದು ಅರ್ಧ ಜನ ಹೊರಟುಹೋದಾಗ, ಪ್ರವಾಸದ ಒಪ್ಪಂದ ತಲೆಯ ಮೇಲಿತ್ತು. ಫಿಲಿಪ್ ಓಕಿ ಊರಿನ ಕ್ಲಬ್ಬೊಂದರಲ್ಲಿ ಕುಣಿಯುತ್ತಿದ್ದ ಇಬ್ಬರು ಶಾಲಾ ಹುಡುಗಿಯರನ್ನು ಕರೆದುಕೊಂಡು ಬಂದರು. ಸೂಸನ್ ಆನ್ ಸಲಿ, ಜೋಆನ್ ಕ್ಯಾಥರಾಲ್. ಇಬ್ಬರಿಗೂ ವೇದಿಕೆಯ ಅನುಭವ ಇರಲಿಲ್ಲ. ಮರುವರ್ಷ ಬಂದ 'ಡೋಂಟ್ ಯೂ ವಾಂಟ್ ಮಿ' ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಐದು ವಾರ ಮೊದಲ ಸ್ಥಾನದಲ್ಲಿತ್ತು, 1982ರಲ್ಲಿ ಅಮೆರಿಕದಲ್ಲೂ ಮೇಲೇರಿತು. ಓಕಿ ಅವರಿಗೆ ಆ ಹಾಡಿನ ಮೇಲೆ ಭರವಸೆಯೇ ಇರಲಿಲ್ಲವಾದ್ದರಿಂದ ಅದನ್ನು ಆಲ್ಬಮ್ಮಿನ ಕೊನೆಯ ಹಾಡಾಗಿ ತುರುಕಿದ್ದರು. ಸಿಂಗಲ್ ಆಗಿ ಹೊರತರಲು ಕಂಪನಿಯವರು ಹಟ ಹಿಡಿಯಬೇಕಾಯಿತು.

ಎರಡನೆಯ ಚರಣದಲ್ಲಿ ಸೂಸನ್ ಬಾಯಿ ತೆರೆಯುವ ಜಾಗವನ್ನು ಗಮನಿಸಿ ಕೇಳಿ. ಅದುವರೆಗೆ ಗಂಡಸು ತನ್ನ ಉಪಕಾರಗಳ ಪಟ್ಟಿಯನ್ನು ಗಂಭೀರವಾಗಿ ಒಪ್ಪಿಸುತ್ತಿರುತ್ತಾನೆ. ಅವಳು ಬಂದವಳೇ, ತರಬೇತಿಯಿಲ್ಲದ ಸಾದಾ ದನಿಯಲ್ಲಿ, ಹೌದು ಅಲ್ಲಿ ಕೆಲಸಕ್ಕಿದ್ದೆ, ಆಗಲೇ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತದೆಂದು ಗೊತ್ತಿತ್ತು ಎಂದು ಹೇಳಿಬಿಡುತ್ತಾಳೆ. ಕೆಳಗೆ ಲಿನ್ ಎಲ್‌ಎಂ-1 ಡ್ರಮ್ ಯಂತ್ರ ಅಳುಕದೆ ನಡೆಯುತ್ತಿರುತ್ತದೆ. ಸಂಗೀತ ಶಾಲೆಯಲ್ಲಿ ಕಲಿತ ಗಾಯಕಿ ಆ ಸಾಲನ್ನು ಹಾಳುಮಾಡುತ್ತಿದ್ದಳು.

ತಾಳಜ್ಞ

ನಾನು ಹೇಳಲು ಹೊರಟದ್ದನ್ನು ನನಗಿಂತ ಚೆನ್ನಾಗಿ ಹೇಳಿದ್ದೀರಿ.

ಮೈಸೂರಿನ ಮೀರಾ

ಹೆಣ್ಣು ದನಿಯ ಮಾತು ಬರಲು ಇಷ್ಟು ಹೊತ್ತು ಬೇಕಾಯಿತೇ? ಯಂತ್ರದ ಎದುರು ನಿಂತ ಮನುಷ್ಯ ಎಂದು ನೀವೆಲ್ಲ ಬರೆಯುತ್ತಿರುವಾಗ, ಆ ಸ್ಥಾನದಲ್ಲಿ ಗಟ್ಟಿಯಾಗಿ ನಿಂತವರು ಹೆಚ್ಚಾಗಿ ಹೆಂಗಸರು. ಯಾಝೂ ತಂಡದ 'ಓನ್ಲಿ ಯೂ' ಕೇಳಿ. ವಿನ್ಸ್ ಕ್ಲಾರ್ಕ್ ಡಿಪೆಷ್ ಮೋಡ್ ಬಿಟ್ಟು ಹೊರಬಂದು, 1982ರಲ್ಲಿ ಆಲಿಸನ್ ಮೊಯೆ ಜೊತೆ ಮಾಡಿದ ಹಾಡದು. ಆಟಿಕೆಯಷ್ಟು ಸರಳವಾದ ಕೀಬೋರ್ಡ್ ಸ್ವರಗಳ ಮೇಲೆ ಬ್ಲೂಸ್ ಹಾಡಿ ಪಳಗಿದ ಆ ತುಂಬು ಕಂಠ. ಯೂರಿದ್ಮಿಕ್ಸ್ ತಂಡದ ಆನಿ ಲೆನಕ್ಸ್ ಇದ್ದಾರೆ. ಆದರೆ ನನ್ನ ಆಯ್ಕೆ ಇವರಿಬ್ಬರೂ ಅಲ್ಲ, ಶೀಲಾ ಚಂದ್ರ.

ಮಾನ್ಸೂನ್ ಎಂಬ ತಂಡದ 'ಎವರ್ ಸೋ ಲೋನ್ಲಿ' 1982ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಹನ್ನೆರಡನೆಯ ಸ್ಥಾನದವರೆಗೆ ಹೋಯಿತು. ಶೀಲಾ ಲಂಡನ್ನಿನಲ್ಲಿ ಹುಟ್ಟಿದ ಭಾರತೀಯ ಮೂಲದ ಹುಡುಗಿ, ಆಗಿನ್ನೂ ಹದಿಹರೆಯ. ಸಿತಾರ್, ತಬಲಾ, ಹಿಂದೆ ಬಿಡದೆ ಹಿಡಿದ ಶ್ರುತಿ, ಅದರ ಮೇಲೆ ಇಂಗ್ಲಿಷ್ ಸಾಹಿತ್ಯ. ಪಾಶ್ಚಾತ್ಯ ಪಾಪ್ ಹಾಡುಗಳಲ್ಲಿ ಸಿತಾರ್ ಬಂದಾಗ ಸಾಮಾನ್ಯವಾಗಿ ಊದುಬತ್ತಿ ಹಚ್ಚಿದಂತೆ ಎರಡು ನಿಮಿಷ ಪರಿಮಳ ಬಂದು ಹೋಗುತ್ತದೆ. ಇಲ್ಲಿ ಹಾಗಲ್ಲ. ಶೀಲಾ ಗಮಕವನ್ನು ಅರ್ಧದಲ್ಲಿ ನಿಲ್ಲಿಸಿ, ಪಾಪ್ ಹಾಡಿನ ನೇರ ಸ್ವರಕ್ಕೆ ಇಳಿಯುವ ಜಾಗಗಳಿವೆ. ಎರಡು ಮನೆಯ ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುವ ಮಕ್ಕಳಿಗೆ ಮಾತ್ರ ಅದು ಹಾಗೆ ಬರುತ್ತದೆ. ಕಂಪನಿಯೊಂದಿಗೆ ಹೊಂದಾಣಿಕೆಯಾಗದೆ ತಂಡ ಬೇಗ ಮುಗಿದುಹೋಯಿತು. ಆಮೇಲೆ ಅವರು ಬರೀ ಕಂಠ ಮತ್ತು ಶ್ರುತಿಯ ಮೇಲೆ ನಿಂತ ಸಂಗೀತ ಮಾಡಿದರು. ಬಾಯಿಯ ಉರಿಯ ಕಾಯಿಲೆಯಿಂದಾಗಿ ಈಗ ಅವರಿಗೆ ಹಾಡಲು ಆಗುತ್ತಿಲ್ಲ.

ಶಾರ್ಟ್‌ವೇವ್ ಶ್ರೋತೃ

ಮೀರಾ ಮೇಡಂ, ಈ ಹೆಸರನ್ನು ನಾನು ಮೊದಲ ಬಾರಿಗೆ ಕೇಳುತ್ತಿದ್ದೇನೆ. ಶ್ರುತಿಯ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಟಾಕಿಂಗ್ ಹೆಡ್ಸ್ ತಂಡದ 1980ರ 'ರಿಮೇನ್ ಇನ್ ಲೈಟ್' ಆಲ್ಬಮ್ಮಿನಲ್ಲಿ ಹಾಡುಗಳು ಹೆಚ್ಚು ಕಡಿಮೆ ಒಂದೇ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛದ) ಮೇಲೆ ನಿಲ್ಲುತ್ತವೆ. ನೈಜೀರಿಯಾದ ಫೆಲಾ ಕುಟಿ ಅವರ ಸಂಗೀತವನ್ನು ಕೇಳಿ ಪ್ರಭಾವಿತರಾಗಿದ್ದ ತಂಡದವರು ಮತ್ತು ಆಲ್ಬಮ್ಮಿನ ನಿರ್ಮಾಪಕ ಬ್ರಯಾನ್ ಈನೋ, ಬಹಾಮಾಸ್ ದ್ವೀಪದ ಸ್ಟುಡಿಯೋದಲ್ಲಿ ಕುಳಿತು, ಸಣ್ಣ ಸಣ್ಣ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿದರು. ಕಾರ್ಡುಗಳ ಓಟಕ್ಕೆ ಒಗ್ಗಿದ ಪಾಶ್ಚಾತ್ಯ ಕಿವಿಗೆ ಅದು ನಿಂತ ನೀರಿನಂತೆ ಕೇಳಿಸಿರಬಹುದು. ತಂಬೂರಿ ಕೇಳಿ ಬೆಳೆದ ನಮಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. 'ಒನ್ಸ್ ಇನ್ ಎ ಲೈಫ್‌ಟೈಮ್' ಹಾಡಿನಲ್ಲಿ ಡೇವಿಡ್ ಬರ್ನ್ ರೇಡಿಯೋದಲ್ಲಿ ಪ್ರವಚನ ಮಾಡುವ ಪಾದ್ರಿಗಳ ಧಾಟಿಯನ್ನು ಎತ್ತಿಕೊಂಡಿದ್ದಾರೆ. ಈ ಸುಂದರವಾದ ಮನೆ ನನ್ನದಲ್ಲ ಎಂದು ಕೂಗುವ ಆ ಮಧ್ಯವಯಸ್ಕನ ಗಾಬರಿ ಕಾಲೇಜಿನಲ್ಲಿದ್ದಾಗ ತಮಾಷೆಯಾಗಿತ್ತು. ಗೃಹಸಾಲದ ಕಂತು ಕಟ್ಟಲು ಶುರುಮಾಡಿದ ಮೇಲೆ ತಮಾಷೆಯಾಗಿ ಉಳಿಯಲಿಲ್ಲ.

ಕ್ಯಾಸೆಟ್ ಕಾಲದವನು

ಎಲ್ಲರೂ ಇಷ್ಟು ಗಂಭೀರರಾದರೆ ಡುರಾನ್ ಡುರಾನ್ ತಂಡದ ಪರವಾಗಿ ಮಾತನಾಡುವವರಾರು? ತಾಳಜ್ಞರು ಮೊದಲ ಸಾಲಿನಲ್ಲಿಯೇ ಕೇಶಾಲಂಕಾರ ಎಂದು ಹಂಗಿಸಿದ್ದು ಅವರನ್ನೇ ಎಂಬುದು ಗೊತ್ತಿದೆ. 1982ರಲ್ಲಿ ಅವರು ಶ್ರೀಲಂಕಾಕ್ಕೆ ಬಂದು ವಿಡಿಯೋಗಳನ್ನು ಚಿತ್ರಿಸಿಕೊಂಡು ಹೋದರು; 'ಸೇವ್ ಎ ಪ್ರೇಯರ್' ವಿಡಿಯೋದಲ್ಲಿ ಸಿಗಿರಿಯದ ಬಂಡೆಯನ್ನೂ ಪೊಲನ್ನರುವದ ಬುದ್ಧನನ್ನೂ ನೋಡಬಹುದು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಎಂಬ ಸಂಗೀತ ಚಾನೆಲ್ ಶುರುವಾದಾಗ ಆ ಚಾನೆಲ್ಲಿನವರ ಬಳಿ ಬೇಕಾದಷ್ಟು ವಿಡಿಯೋಗಳಿರಲಿಲ್ಲ; ಬ್ರಿಟನ್ನಿನ ತಂಡಗಳ ಬಳಿ ಇದ್ದವು, ಅಮೆರಿಕದ ಮನೆಗಳಿಗೆ ಅವರು ನುಗ್ಗಿದ್ದು ಹಾಗೆ. ಅಲಂಕಾರವನ್ನು ತೆಗೆದು ಜಾನ್ ಟೇಲರ್ ಅವರ ಬೇಸ್ ಒಂದನ್ನೇ ಕೇಳಿ, ಆಮೇಲೆ ಮಾತನಾಡೋಣ.

ತಾಳಜ್ಞ

ಜಾನ್ ಟೇಲರ್ ಅವರ ಬೇಸ್ ಬಗ್ಗೆ ನನ್ನ ತಕರಾರಿಲ್ಲ. ಹಂಗಿಸಿದ್ದು ಅವರನ್ನಲ್ಲ, ಯಾರನ್ನೆಂದು ಹೇಳಿದರೆ ಇಲ್ಲಿ ಇನ್ನೊಂದು ಜಗಳ ಶುರುವಾಗುತ್ತದೆ.

ಶೆಫೀಲ್ಡ್ ಚಾಕು

ಎ ಫ್ಲಾಕ್ ಆಫ್ ಸೀಗಲ್ಸ್ ಎಂದು ನಾನೇ ಹೇಳಿಬಿಡುತ್ತೇನೆ. ಅವರ ಹಾಡುಗಾರ ಮೊದಲು ಕ್ಷೌರದಂಗಡಿಯಲ್ಲಿದ್ದವರೇ.

ವಿಲೋಮ

ಮನುಷ್ಯ ಮತ್ತು ಯಂತ್ರದ ವಾದಕ್ಕೆ ಒಂದು ತೊಡಕು ಒಡ್ಡುತ್ತೇನೆ. ಸಾಫ್ಟ್ ಸೆಲ್ ತಂಡದ 'ಟೇಂಟೆಡ್ ಲವ್' 1981ರಲ್ಲಿ ಬಂತು, ಅಮೆರಿಕದ ಪಟ್ಟಿಯಲ್ಲಿ 43 ವಾರ ಉಳಿಯಿತು. ಅದು ಗ್ಲೋರಿಯಾ ಜೋನ್ಸ್ ಅರವತ್ತರ ದಶಕದಲ್ಲಿ ಹಾಡಿದ್ದ, ಅಮೆರಿಕದ ಕರಿಯರ 'ಸೋಲ್' ಸಂಗೀತದ ಹಾಡು. ಮೂಲದಲ್ಲಿ ಎಲ್ಲರೂ ಮನುಷ್ಯರೇ, ತುತ್ತೂರಿ, ಡ್ರಮ್, ಚಪ್ಪಾಳೆ ಎಲ್ಲವೂ ಇವೆ. ಯಂತ್ರದ ಮರುಹುಟ್ಟಿನಲ್ಲಿ ಎಲ್ಲವನ್ನೂ ಕಿತ್ತುಹಾಕಿ ಎರಡು ಟಿಂಕ್ ಟಿಂಕ್ ಉಳಿಸಿದ್ದಾರೆ. ಜನ ನೆನಪಿಟ್ಟುಕೊಂಡದ್ದು ಯಾವುದನ್ನು? ಇಲ್ಲಿ ಗೆದ್ದದ್ದು ಜಗ್ಗಾಟವಲ್ಲ, ಯಂತ್ರ.

ಮೈಸೂರಿನ ಮೀರಾ

ಸಾಫ್ಟ್ ಸೆಲ್ ತಂಡದ ಹಾಡುಗಾರ ಮಾರ್ಕ್ ಆಲ್ಮಂಡ್ ಸ್ವರಕ್ಕೆ ಪೂರ್ತಿ ನಿಲ್ಲದೆ, ಅಂಚಿನಲ್ಲಿ ಒದ್ದಾಡುತ್ತಾ ಹಾಡುವುದು ನಿಮಗೆ ಕೇಳಿಸಲಿಲ್ಲವೇ? ಆ ಹಾಡಿನಲ್ಲಿ ಬೆವರಿದ್ದರೆ ಅದು ಅವರೊಬ್ಬರದೇ.

ಸಿಂಥ್ ಶಾಸ್ತ್ರಿ

ಆ ತಟ್ಟೆಯ ಇನ್ನೊಂದು ಬದಿಗೂ ಬೇರೆಯವರ ಹಾಡನ್ನೇ ಹಾಕಿಕೊಂಡು, ಬರೆದವರಿಗೆ ಸಿಗುವ ಗೌರವಧನವನ್ನು ಪೂರ್ತಿಯಾಗಿ ಕಳೆದುಕೊಂಡವರು ಅವರು. ಸ್ವಂತದ್ದೊಂದು ಹಾಡನ್ನು ಹಿಂಬದಿಗೆ ಹಾಕಿದ್ದರೆ ಜೀವಮಾನವಿಡೀ ಕುಳಿತು ಉಣ್ಣಬಹುದಿತ್ತು.

ಸ್ಟುಡಿಯೋ ಪಿಟೀಲು

ಯಂತ್ರದ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನನ್ನದು ಬರೀ ಗೊಣಗಾಟವಾಗುತ್ತದೆ. ಅದೇ 1982ರಲ್ಲಿ ಮುಂಬಯಿಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರರು ರೋಲ್ಯಾಂಡ್ ಕಂಪನಿಯ ಟಿಆರ್-808, ಟಿಬಿ-303 ಮತ್ತು ಜುಪಿಟರ್-8 ಎಂಬ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದ ತಟ್ಟೆ ತಂದರು. ಆಗ ಕೊಳ್ಳುವವರಿರಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯೂರೋಪಿನವರು ಬೆರಗಾದರು, ಏಕೆಂದರೆ ಅಲ್ಲಿ ಆ ಬಗೆಯ ಸದ್ದು ಬಂದದ್ದು ವರ್ಷಗಳ ನಂತರ. ಅವರು ಸಂಗೀತ ಕಲಿತವರು, ಸ್ಟುಡಿಯೋದಲ್ಲಿ ನುಡಿಸಿ ಪಳಗಿದವರು. ಹಾಗಾಗಿ ಕಲಿಯದವನ ಧೈರ್ಯವೇ ಎಲ್ಲ ಎಂಬ ಶಾಸ್ತ್ರಿಗಳ ಮಾತನ್ನು ನಾನು ಒಪ್ಪುವುದಿಲ್ಲ.

ಕೊಪ್ಲಾಂಡ್ ಭಕ್ತ

ಪಿಟೀಲಿನವರಿಗೆ ನನ್ನ ಮತ.

ಗಣೇಶೋತ್ಸವ ಆರ್ಕೆಸ್ಟ್ರಾ

ಇಷ್ಟೆಲ್ಲ ಓದಿ 'ಬ್ಲೂ ಮಂಡೇ' ಕೇಳಬೇಕೆನಿಸಿತು. ಹುಡುಕಿದರೆ ಎರಡು ಮೂರು ಬಗೆಯವು ಸಿಗುತ್ತಿವೆ, ಒಂದರಲ್ಲಿ ಗಿಲ್ಬರ್ಟ್ ಅವರ ಜಾರಿಕೆ ನನಗೆ ಗೊತ್ತೇ ಆಗಲಿಲ್ಲ. ಯಾವುದನ್ನು ಕೇಳಬೇಕು?

ಬೇಸ್ ತಂತಿ

ನೀವು ಕೇಳಿದ್ದು 1988ರದ್ದಿರಬೇಕು. ಕ್ವಿನ್ಸಿ ಜೋನ್ಸ್ ಅವರ ಮೇಲ್ವಿಚಾರಣೆಯಲ್ಲಿ ಹೊಸದಾಗಿ ಮಿಕ್ಸ್ ಮಾಡಿದ್ದು ಅದು. ಮೇಲೆ ಬೇರೆ ಬೇರೆ ಸದ್ದುಗಳನ್ನು ಸೇರಿಸಿ ಚುರುಕು ಮಾಡಿದ್ದಾರೆ. 7 ನಿಮಿಷ 29 ಸೆಕೆಂಡಿನ 1983ರದ್ದನ್ನು ಹುಡುಕಿ, ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ.

ಕ್ಯಾಸೆಟ್ ಕಾಲದವನು

1988ರದ್ದೂ ಅಷ್ಟೇನೂ ಕೆಟ್ಟದಲ್ಲ. ಕ್ಯಾಸೆಟ್ಟಿನ ಒಂದು ಬದಿಗೆ ಪೂರ್ತಿಯಾಗಿ ಹಿಡಿಯುತ್ತದೆ.